ಅಣ್ಣ ಸೇರಿಸಿದ ಮಾತು

ಮೈಕಿನ ಮುಂದೆ ನಿಂತರೆ ಅಣ್ಣನ ಕುತ್ತಿಗೆಯ ಎಡಗಡೆ ಒಂದು ನರ ಕಿರುಬೆರಳ ಗಾತ್ರಕ್ಕೆ ಉಬ್ಬಿಕೊಳ್ಳುತ್ತಿತ್ತು. ಆಳು ಸಣಕಲು, ಕಾಲರಿನೊಳಗೆ ಇನ್ನೊಂದು ಕುತ್ತಿಗೆ ಹಿಡಿಯುವಷ್ಟು ಜಾಗ. ನರ ಮಾತ್ರ ಪೈಲ್ವಾನನದು. ನಾನು ಪಾಂಡವಪುರದ ಹಾಸ್ಟೆಲ್ಲಿಗೆ ಸೇರಿದಾಗ ಅವನು ಬಿ.ಎ. ಕೊನೆಯ ವರ್ಷದಲ್ಲಿದ್ದ. ಅವನ ಊರು ತೊಣ್ಣೂರು ಕೆರೆಯ ಕೆಳಗೆ. ಹಾಸ್ಟೆಲ್ಲಿನ ನಮಗೆಲ್ಲ ಅವನು ಬರೀ ಅಣ್ಣ.

ಸಾರಿನಲ್ಲಿ ಬೇಳೆ ಹುಡುಕುವುದು ಆಗ ನಮಗೊಂದು ಆಟ. ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ವಾರ್ಡನ್ನರ ಕೋಣೆಯಲ್ಲಿ ಕಾಫಿ ಕುಡಿದು ಹೊರಟರು. ಅಣ್ಣ ಅವರ ಜೀಪಿನ ಮುಂದೆ ತಟ್ಟೆ ಇಟ್ಟು, ಮುದ್ದೆ ಹಾಕಿ, ಸಾರು ಬಿಟ್ಟ. "ನಮ್ ಜೊತೆ ಒಂದ್ ತುತ್ತು ತಿನ್ನಿ ಸಾರ್, ಆಮೇಲೆ ಒರಡಿ" ಅಂದ. ನೂರು ಹುಡುಗರು ಸುತ್ತ ನಿಂತಿದ್ದೆವು. ಸಾಹೇಬರು ಒಂದು ತುತ್ತು ನುಂಗಿದರು, ಎರಡನೆಯದನ್ನು ಕೈಯಲ್ಲೇ ಹಿಡಿದುಕೊಂಡು, ಸೋಮವಾರದಿಂದ ಸರಿ ಮಾಡಿಸುತ್ತೇನೆ ಅಂದರು. "ಜೋರಾಗನ್ನಿ ಸಾರ್, ಇಂದ್ಗಡೆ ಇರೋರ್ಗೆ ಕೇಳಿಸ್ಲಿಲ್ಲ" ಅಂದ ಅಣ್ಣ. ಅವರು ಜೋರಾಗಿಯೂ ಅಂದರು. ಸೋಮವಾರ ಸಾರು ಗಟ್ಟಿಯಾಯಿತು.

"ನೂರ್ ಜನುದ್ ಮುಂದೆ ಬಾಯಿಂದ ಬಂದ್ಬುಟ್ರೆ ಆಯ್ತು ಕಣ್ಲಾ. ಆಮೇಲೆ ತಪ್ಪಿಸ್ಕೊಳಕ್ಕಾಗಕಿಲ್ಲ" ಎಂದು ಅವತ್ತು ನನಗೆ ಹೇಳಿದ. ಬಸ್ಸಿನ ಪಾಸಿಗೂ ಪರೀಕ್ಷೆ ಶುಲ್ಕಕ್ಕೂ ಅವನು ನಡೆಸಿದ್ದು ಇದೊಂದೇ ಮಂತ್ರ. ಆದರೆ ಹಳ್ಳಿಗೆ ಕಾಲೇಜು ಬೇಕು ಎಂದು ಹೋದಲ್ಲೆಲ್ಲ "ಮೇಲಿಂದ ಆಗಬೇಕು" ಎನ್ನುತ್ತಿದ್ದರು. ಮೇಲೆ ಎಂದರೆ ದೆಹಲಿ ಎಂದು ಅಣ್ಣ ತೀರ್ಮಾನಿಸಿದ. ಭಾನುವಾರಗಳಲ್ಲಿ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ, ದೇವಸ್ಥಾನದ ಬೀದಿಯಲ್ಲಿದ್ದ ನಿವೃತ್ತ ಮೇಷ್ಟರೊಬ್ಬರ ಹತ್ತಿರ ಹಿಂದಿ ಕಲಿತ. ನಾನೂ ಜೊತೆಗಿರುತ್ತಿದ್ದೆ, ಅರ್ಧ ಹಿಂದಿಗೆ, ಅರ್ಧ ಮೇಷ್ಟರ ಮನೆಯ ಉಪ್ಪಿಟ್ಟಿಗೆ. ಅಣ್ಣನ ಹಿಂದಿಯಲ್ಲಿ ಹೆಂಗಸರೆಲ್ಲ ಗಂಡಸರಾಗಿಬಿಡುತ್ತಿದ್ದರು.

ಆ ಹಿಂದಿಯೇ ಅವನನ್ನು ರಾಷ್ಟ್ರೀಯ ಪಕ್ಷದೊಳಕ್ಕೆ ಎಳೆದುಕೊಂಡಿತು. ದೆಹಲಿಯಿಂದ ಬರುವ ಮುಖಂಡರ ಭಾಷಣವನ್ನು ವೇದಿಕೆ ಮೇಲೆ ನಿಂತು ಕನ್ನಡದಲ್ಲಿ ಹೇಳುವವರು ಪಕ್ಷಕ್ಕೆ ಬೇಕಾಗಿತ್ತು. ಎರಡು ವರ್ಷದಲ್ಲಿ ಅಣ್ಣ ಯುವ ಘಟಕದ ಪದಾಧಿಕಾರಿಯಾದ, ಬಿಳಿ ಅಂಬಾಸಿಡರಿನ ಮುಂದಿನ ಸೀಟು ಅವನದಾಯಿತು. ಬೇರೆಯವರ ಮಾತು ಹೇಳುವಾಗ ಮಾತ್ರ ಆ ನರ ಏಳುತ್ತಿರಲಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾನೆಂದು ನಾನು ಸುಮ್ಮನಿದ್ದೆ.

ಲೋಕಸಭೆ ಚುನಾವಣೆಯ ಸಮಯ. ದೊಡ್ಡ ಮುಖಂಡರೊಬ್ಬರು ಕೆ.ಆರ್.ಪೇಟೆಯಿಂದ ನಾಗಮಂಗಲಕ್ಕೆ ಹೋಗುತ್ತ ನಡುವೆ ನಮ್ಮೂರಲ್ಲಿ ಹತ್ತು ನಿಮಿಷ ಮಾತಾಡುವುದೆಂದಾಯಿತು. ಹಿಂದಿನ ದಿನ ಅಣ್ಣ ನಮ್ಮ ಮನೆಗೆ ಊಟಕ್ಕೆ ಬಂದ. ನನ್ನ ತಂಗಿ ಆಗಷ್ಟೇ ಫಸ್ಟ್ ಕ್ಲಾಸಿನಲ್ಲಿ ಹತ್ತನೇ ತರಗತಿ ಮುಗಿಸಿದ್ದಳು. ಕಾಲೇಜಿಗೆ ಕೆ.ಆರ್.ಪೇಟೆಗೇ ಹೋಗಬೇಕು. ತುಂಬಿದ ಬಸ್ಸಿನಲ್ಲಿ ಹೆಣ್ಣುಮಗಳನ್ನು ಕಳಿಸುವುದಿಲ್ಲ ಎನ್ನುತ್ತಿದ್ದ ಅಪ್ಪನನ್ನು ಅವ್ವ, ನಾನು ಸೇರಿ ಹೇಗೋ ಒಪ್ಪಿಸಿದ್ದೆವು. ತುಂಬಿದ ಅರ್ಜಿ ದೇವರ ಗೂಡಿನಲ್ಲಿತ್ತು. ತಂಗಿ ಅಣ್ಣನಿಗೆ ಸಾರು ಬಡಿಸುತ್ತ, "ನಮ್ಮೂರ್ಗೇ ಒಂದ್ ಕಾಲೇಜ್ ಕೇಳಣ್ಣ ಆ ದೊಡ್ಡೋರ್ನ, ನಮ್ ಇಂದೆ ಬರೋ ಉಡುಗೀರ್ಗಾದ್ರೂ ಆಯ್ತದೆ" ಅಂದಳು. "ಕೇಳ್ತೀನಿ ಕಣವ್ವ" ಅಂದ.

ಮಾರನೆಯ ದಿನ ಮುಖಂಡರು ದೇಶದ ಬಗ್ಗೆ ಮಾತಾಡಿ, ಮತ ಕೇಳಿ, ಮುಗಿಸಿದರು. ಅಷ್ಟು ಹಿಂದಿ ನನಗೂ ಅರ್ಥವಾಗುತ್ತಿತ್ತು. ಅಣ್ಣ ಅದನ್ನೆಲ್ಲ ಕನ್ನಡದಲ್ಲಿ ಹೇಳಿ, ಒಂದು ಕ್ಷಣ ತಡೆದು, "ಮುಂದಿನ್ ವರ್ಷ ಜೂನ್‌ಗೆ ನಿಮ್ಮೂರಲ್ಲೇ ಹೆಣ್ಣುಮಕ್ಕಳ ಕಾಲೇಜು ಬಾಗಿಲು ತೆಗೀತದೆ, ಇದು ನನ್ನ ಮಾತು ಅಂತಾವ್ರೆ" ಎಂದ. ನರ ಉಬ್ಬಿತ್ತು. ಜನ ಚಪ್ಪಾಳೆ ಹೊಡೆದರು. ಏನೂ ತಿಳಿಯದ ಮುಖಂಡರು ನಗುನಗುತ್ತ ಕೈಮುಗಿದರು.

ಕಾರಿನ ಹತ್ತಿರ ಹೋಗಿ, ಅವರು ಹಾಗನ್ನಲಿಲ್ಲವಲ್ಲಣ್ಣ ಎಂದೆ.

"ಅನ್ನಲಿಲ್ಲ. ಊರೆಲ್ಲ ಕೇಳ್ಕೊಂಡದಲ್ಲ, ಇನ್ ಕೊಡ್ಲೇಬೇಕು. ನೀ ಬಾಯ್ ಬುಡ್ಬೇಡ" ಅಂದ.

ಮನೆಗೆ ಬಂದರೆ ಅಪ್ಪ ಅರ್ಜಿಯನ್ನು ಗೂಡಿನಿಂದ ತೆಗೆದಿದ್ದ. "ಊರ್ಗೇ ಬತ್ತದಂತಲ್ಲ, ಒಂದ್ ವರ್ಷ ಮನೇಲಿರ್ಲಿ ಬುಡು" ಅಂದ. ತಂಗಿಯೂ ಖುಷಿಯಿಂದಲೇ ತಲೆಯಾಡಿಸಿದಳು. ನಿಜ ಹೇಳಿದರೆ ಊರ ಮುಂದೆ ಅಣ್ಣನ ಮಾನ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಸಾರು ಗಟ್ಟಿಯಾದದ್ದನ್ನು ಕಣ್ಣಾರೆ ಕಂಡವನು ನಾನು, ನಂಬಿಬಿಟ್ಟಿದ್ದೆ. ಬಾಯಿ ಬಿಡಲಿಲ್ಲ.

ಹೇಳಿದ ಜೂನ್ ಬಂದು ಹೋಯಿತು, ಕಾಲೇಜು ಬರಲಿಲ್ಲ. ಅಣ್ಣ ಮನವಿ ಹಿಡಿದು ಮೂರು ಸಲ ದೆಹಲಿಗೆ ಹೋಗಿ ಬಂದ. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ, "ನಾನ್ ಯಾವಾಗ್ ಅಂದೆ ಅಂತ ಆ ದೊಡ್ಡೋರು ಕೇಳುದ್ರು ಕಣ್ಲಾ. ನಿಜಾನೇಯಲ್ವಾ ಅದು" ಎಂದು ನೆಲ ನೋಡಿದ. ಇನ್ನೊಂದು ಜೂನ್ ಬರುವ ಮೊದಲೇ ತಂಗಿಯನ್ನು ಕಿಕ್ಕೇರಿ ಕಡೆಗೆ ಕೊಟ್ಟರು. ಮದುವೆಗೆ ಬಂದ ಅಣ್ಣ ಚಪ್ಪರದ ಕಂಬ ಹಿಡಿದು ನಿಂತಿದ್ದ. ಧಾರೆ ಮುಗಿಸಿ ಬಂದ ತಂಗಿ "ಉಂಡ್ಕೊಂಡೋಗಣ್ಣ" ಅಂದಳು. ನಮ್ಮ ಮನೆಯ ಊಟ ಎಂದರೆ ಪ್ರಾಣ ಬಿಡುತ್ತಿದ್ದವನು ಅವತ್ತು ಎಲೆಯ ಮುಂದೆ ಕೂರಲಿಲ್ಲ.

ಆಮೇಲೆ ಪಕ್ಷದ ಸಭೆಗಳಿಗೂ ಹೋಗುವುದು ಬಿಟ್ಟ. ಕಾಮಾಲೆ ಹಿಡಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಕಣ್ಣು ಅರಿಶಿನದಂತಾಗಿತ್ತು. "ನಿನ್ ತಂಗಿಗ್ ನಿಜ ಏಳಿದ್ಯಾ?" ಅಂದ. ಇಲ್ಲವೆಂದೆ. "ನಾನೋದ್ ಮೇಲಾದ್ರೂ ಏಳ್ಬುಡ್ಲಾ. ಸುಳ್ಳಂದೋನು ನಾನೇ ಅಂತ." ಮೂವತ್ತೂ ತುಂಬಿರಲಿಲ್ಲ ಅವನಿಗೆ. ಹೇಳುತ್ತೇನೆಂದು ಕೈ ಹಿಡಿದುಕೊಂಡೆ. ಆ ವಾರವೇ ಹೋಗಿಬಿಟ್ಟ.

ಅವನ ಊರಿನಲ್ಲಿ ಮಣ್ಣು ಮಾಡುವಾಗ ತಂಗಿಯೂ ಬಂದಿದ್ದಳು, ಸೊಂಟದಲ್ಲಿ ಹೆಣ್ಣುಮಗು. ಎಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ. ಕೆರೆ ಏರಿಯ ಮೇಲೆ ನಡೆದು ವಾಪಸು ಬರುವಾಗ, "ನನ್ ಓದ್ಗೆ ಅಂತ ದಿಲ್ಲಿಗಂಟ ಅಲೆದ. ಆ ದೊಡ್ಡೋರು ಮಾತ್ಗೆ ತಪ್ಪುದ್ರು, ನಮ್ಮಣ್ಣ ಏನ್ ಮಾಡಾನು" ಅಂದಳು. ಹೇಳಬೇಕಾದದ್ದು ಒಂದೇ ಮಾತು. ಹೇಳಿದರೆ, ಅವತ್ತೇ ಯಾಕಣ್ಣ ಹೇಳಲಿಲ್ಲ ಎಂದು ಅವಳು ಕೇಳುವುದು ನನ್ನನ್ನೇ. ಬಾಯಿ ತೆರೆದೆ.

"ಬಿರ್‍ನೆ ನಡಿಯವ್ವ, ಕೆ.ಆರ್.ಪೇಟೆ ಬಸ್ಸು ಒಂಟೋಯ್ತದೆ" ಅಂದೆ.