ಗಾಡಿ ಓಡಾಡದ ಹಾದಿ

ಯುದ್ಧದ ಕಾಲ, ಸೈಕಲ್ಲಿಗೆ ಹೊಸ ಟ್ಯೂಬು ಸಿಗುತ್ತಿರಲಿಲ್ಲ. ಮುತ್ತತ್ತಿಯಲ್ಲಿ ಚಳಿಜ್ವರದಿಂದ ಮಲಗಿದ್ದ ಅಕ್ಕನಿಗೆ ಮಳವಳ್ಳಿಯಿಂದ ಕ್ವಿನೈನು ಒಯ್ಯಬೇಕಿತ್ತು.

"ಗಾಡಿ ರಸ್ತೇಲಿ ಎತ್ತಿನ ಲಾಳದ ಮೊಳೆ ಚುಚ್ತದೆ, ಗುಡ್ಡದ ಬದೀಲಿ ಓಗಿ ಸ್ವಾಮಿ" ಎಂದರು ಸೈಕಲ್ ರಿಪೇರಿಯ ಸಾಬರು.

ಗುಡ್ಡದ ಬುಡದ ಜಲ್ಲಿಹಾದಿ ಹಿಡಿದೆ. ಅರ್ಧ ದಾರಿಯಲ್ಲಿ ಚೂಪುಗಲ್ಲಿಗೆ ಟ್ಯೂಬು ಸೀಳಿಹೋಯಿತು. ಕೂಗಿದರೆ ಕೇಳುವವರಿಲ್ಲ. ಟೈರಿಗೆ ಒಣಹುಲ್ಲು ತುರುಕಿ ತುಳಿದೆ. ಉದುರಿದಾಗ ಮತ್ತೆ ತುರುಕಿದೆ. ಹಾಗೆಂದು ನನ್ನ ನೆನಪು. ಸೈಕಲ್ಲನ್ನು ಹೊತ್ತುಕೊಂಡೇ ಬಂದೆ ಎನ್ನುತ್ತಾರೆ ಭಾವ. ಇದ್ದರೂ ಇರಬಹುದು.

ಅಂಗಳದಲ್ಲಿ ಅವರಿಗೆ ಗುಳಿಗೆಯ ಪೊಟ್ಟಣ ಚಾಚಿದೆ. ಅಕ್ಕ ಆಗಲೇ ತೀರಿಕೊಂಡಿದ್ದಳು.

"ಬುಡ್ಲಾ, ಇನ್ಯಾಕೆ ಅದು" ಎಂದರು.

ಆ ಮಾತನ್ನು ಮಾತ್ರ ಅನುಮಾನಿಸಲಾರೆ. ಗಾಡಿ ರಸ್ತೆಯಲ್ಲಿ ಮೊಳೆ ಚುಚ್ಚಿದ್ದರೂ ಯಾರಾದರೂ ಹತ್ತಿಸಿಕೊಳ್ಳುತ್ತಿದ್ದರು.