ಎಂಬತ್ತೆಂಟು ನಿಮಿಷದ ಓಟ

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿ ಜಿಲಾನ್ ಬಾಷಾನ ಬಗ್ಗೆ ಒಂದು ಮಾತಿತ್ತು. ಸೂಲಗಿತ್ತಿ ಹೊಕ್ಕಳುಬಳ್ಳಿ ಕೊಯ್ಯೋ ಹೊತ್ತಿಗೆ ಮಗು ಎದ್ದು ಬಾಗಿಲ ತನಕ ಹೋಗಿಬಿಟ್ಟಿತ್ತಂತೆ. ಎದುರುಮನೆ ರಾಧಮ್ಮ ಅದಕ್ಕೆ ಇನ್ನೊಂದು ಎಳೆ ಸೇರಿಸುತ್ತಿದ್ದಳು: ಹೋಗಿದ್ದೇನೋ ಖರೆ, ಆದರೆ ಏನೋ ಮರೆತೆ ಅಂತ ವಾಪಸ್ ಬಂತು, ಅದಕ್ಕೇ ಕುಲ್ಸುಮ್ ಬೀಗೆ ಮಗ ದಕ್ಕಿದ.

ಮಾತಿನಲ್ಲಿ ಹುರುಳಿತ್ತು. ಬೆಂಗಳೂರಿನ ಒಂದು ಕಾರ್ಖಾನೆಯ ಫುಟ್ಬಾಲ್ ತಂಡ ಅವನನ್ನು ಸಂಬಳ ಕೊಟ್ಟು ಆಡಲು ಕರೆದದ್ದು ತೊಂಬತ್ತೊಂದರಲ್ಲಿ. ಅಲ್ಲಿಂದ ಮುಂದೆ ಪ್ರತಿ ಸಲ ಬಸ್ಸು ಹಿಡಿಯಲು ಹೊರಟಾಗಲೂ ಓಣಿಯವರು ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಮೂಲೆ ತಿರುಗಿದವನು ಮೊದಲು ಕಾಲುಚೀಲಕ್ಕೆ ಬರುವನು, ಆಮೇಲೆ ಬೂಟಿನ ದಾರಕ್ಕೆ, ಕೊನೆಗೆ ಬಸ್ಸಿನ ಕಾಸಿಗೆ. ಮೂರನೇ ಸಲ ಬಂದು ಹೋದ ಮೇಲೇ ರಾಧಮ್ಮ, ಈಗ ಹೋದ ನೋಡ್ರವ್ವ ಅಂತ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದದ್ದು.

ಮೈದಾನದಲ್ಲಿ ಅವನದು ಎಡಗಡೆ ಅಂಚು. ಆಟದ ಬಗ್ಗೆ ಯಾರಾದರೂ ಕೇಳಿದರೆ ಸಾಕು, ಟೀ ಅಂಗಡಿಯ ಬೆಂಚಿನ ಮೇಲೆ ಗ್ಲಾಸುಗಳನ್ನೇ ಆಟಗಾರರನ್ನಾಗಿ ಮಾಡಿ ಹೇಳುತ್ತಿದ್ದ. ತೊಂಬತ್ತು ನಿಮಿಷದ ಆಟದಲ್ಲಿ ಚೆಂಡು ತನ್ನ ಕಾಲಿಗೆ ಸಿಗೋದು ಹೆಚ್ಚೆಂದರೆ ಎರಡು ನಿಮಿಷ. ಉಳಿದ ಎಂಬತ್ತೆಂಟು ನಿಮಿಷ ಚೆಂಡಿಲ್ಲದೆ ಓಡಬೇಕು. ಜನ ಚಪ್ಪಾಳೆ ತಟ್ಟೋದು ಎರಡು ನಿಮಿಷಕ್ಕೆ, ಸಂಬಳ ಸಿಗೋದು ಎಂಬತ್ತೆಂಟಕ್ಕೆ. ಆ ಓಟಕ್ಕೂ ಒಂದು ಧರ್ಮ ಐತೆ ಅನ್ನುತ್ತಿದ್ದ. ಚೆಂಡು ಒದ್ದು ಕೊಟ್ಟವನು ತಲೆ ಎತ್ತಿ ನೋಡಿದಾಗ, ಅವನಿಗೆ ವಾಪಸ್ ಕೊಡೋ ಜಾಗದಲ್ಲಿ ನೀನಿರಬೇಕು. ಇರಲಿಲ್ಲ ಅಂದರೆ ಅದು ಓಟ ಅಲ್ಲ, ಓಡಿಹೋಗೋದು.

ಶೇಂಗಾ ದಲ್ಲಾಳಿ ಕ್ಯಾತಪ್ಪ ಒಂದು ದಿನ ಇದನ್ನೆಲ್ಲ ಕೇಳಿಸಿಕೊಂಡು, ಬೀಡಿ ಆರಿಸಿ, "ಅದಕ್ಕೇ ಕಣಲೇ, ನಿನ್ನ ವ್ಯಾಪಾರದಾಗೂ ಚೆಂಡೇ ಕಾಣಲ್ಲ, ಬರೀ ಓಟ" ಅಂದ. ಜಿಲಾನನೇ ಎಲ್ಲರಿಗಿಂತ ಜೋರಾಗಿ ನಕ್ಕ.

ವ್ಯಾಪಾರದ ಕಥೆ ಹಾಗೇ ಇತ್ತು. ಆಟದ ಹಂಗಾಮು ಮುಗಿದು ಊರಿಗೆ ಬಂದರೆ ನಾಲ್ಕು ತಿಂಗಳು ಕೈ ಖಾಲಿ. ಒಂದು ವರ್ಷ ಗೋಲಿ ಸೋಡಾ. ಇನ್ನೊಂದು ವರ್ಷ ಬಾಡಿಗೆ ಸೈಕಲ್ಲು. ತೊಂಬತ್ತಾರರಲ್ಲಿ ಆಟದ ಸಾಮಾನಿನ ಅಂಗಡಿ. ಬಂದವರೆಲ್ಲ ಕ್ರಿಕೆಟ್ ಬ್ಯಾಟು ಕೇಳಿದರು, ಬ್ಯಾಟು ಇಡಲ್ಲ ಅಂತ ಇವನು ಹಟ ಹಿಡಿದ. ಬಂದ ಗಿರಾಕಿಗೆ ಫುಟ್ಬಾಲಿನ ಮಹತ್ವ ಹೇಳಿ ಟೀ ಕುಡಿಸಿ ಕಳಿಸಿದ. ಕರೆ ಬಂದ ದಿನ ಯಾವ ಅಂಗಡಿಯಾದರೂ ಸರಿ, ಷಟರ್ ಎಳೆದು ಹೊರಟುಬಿಡುವನು. ಸೋಡಾ ಬಾಟಲಿ ಅರ್ಧ ತೊಳೆದದ್ದು ಅರ್ಧ ತೊಳೆಯದ್ದು ಹಾಗೇ ಉಳಿಯುತ್ತಿತ್ತು. ಉಳಿದದ್ದನ್ನು ತೊಳೆದು ಜೋಡಿಸುತ್ತಿದ್ದವಳು ಹೆಂಡತಿ ಫರ್ಜಾನಾ. ಅವಳು ಬೈದದ್ದನ್ನು ಯಾರೂ ಕೇಳಲಿಲ್ಲ. ಬಾಟಲಿ ಜೋಡಿಸುವ ಸದ್ದು ಮಾತ್ರ ಓಣಿಗೆಲ್ಲ ಕೇಳುತ್ತಿತ್ತು.

ಕೊನೆಗೆ ಅವನ ಕೈಗೆ ಹತ್ತಿದ್ದು ಮೊಳಕಾಲ್ಮೂರಿನ ರೇಷ್ಮೆ ಸೀರೆ. ನೇಕಾರ ಮೂಡಲಗಿರಿಯಪ್ಪನಿಗೆ ರೇಷ್ಮೆ ನೂಲು ತಂದುಕೊಡುವುದು, ನೇಯ್ದ ಸೀರೆ ಎತ್ತಿಕೊಂಡು ಚಳ್ಳಕೆರೆ, ಪರಶುರಾಂಪುರದ ಮದುವೆ ಮನೆಗಳಿಗೆ ಮುಟ್ಟಿಸುವುದು. ಓಡಾಟದ ಕೆಲಸವಾದ್ದರಿಂದ ಎರಡು ವರ್ಷ ನಿಂತಿತು. ಮೊದಲ ದಿನವೇ ಜಿಲಾನ ಮಗ್ಗದ ಮುಂದೆ ಕುಕ್ಕರಗಾಲಲ್ಲಿ ಕೂತು, ಮಗ್ಗದಡಿಯ ಗುಂಡಿಯೊಳಗೆ ಇಳಿಬಿಟ್ಟ ಮೂಡಲಗಿರಿಯಪ್ಪನ ಪಾದಗಳನ್ನೇ ನೋಡಿದ. ಆ ಪಾದಗಳು ಹಲಗೆ ತುಳಿಯುವ ಚುರುಕು ಅವನ ತಂಡದ ಯಾರಿಗೂ ಇರಲಿಲ್ಲ. ಹಾಗಂತ ಹೇಳಿದ್ದಕ್ಕೆ ಮುದುಕ, ನೀನೂ ಕಾಲಲ್ಲೇ ಉಣ್ಣೋನು ನಾನೂ ಕಾಲಲ್ಲೇ ಉಣ್ಣೋನು, ನೀನು ಓಡ್ತೀಯ ನಾನು ಕೂತಿರ್ತೀನಿ, ಅಷ್ಟೇ ಏಮಯ್ಯಾ ಅಂತ ಲಾಳಿ ಎಸೆದ.

ಎರಡು ಸಾವಿರದ ಒಂದರ ಬೇಸಿಗೆ. ಜಿಲಾನನಿಗೆ ಮೂವತ್ತೆರಡು. ಬಲ ಮೊಣಕಾಲು ಮೆಟ್ಟಿಲು ಇಳಿಯುವಾಗ ಕಟಕ್ ಅನ್ನುತ್ತಿತ್ತು. ಕಾರ್ಖಾನೆಯವರು ಹೊಸ ಹುಡುಗರನ್ನು ನೋಡುತ್ತಿದ್ದಾರೆ ಅನ್ನುವ ಸುದ್ದಿ ಇತ್ತು. ಶುಕ್ರವಾರ ಸಂಜೆ ಎಸ್‌ಟಿಡಿ ಬೂತಿಗೆ ಕೋಚಿನ ಫೋನು ಬಂತು. ಸೋಮವಾರ ಬೆಳಿಗ್ಗೆ ಆರಕ್ಕೆ ಬೂಟು ಹಾಕಿಕೊಂಡು ಮೈದಾನದಲ್ಲಿದ್ದರೆ ಇನ್ನೊಂದು ವರ್ಷದ ಕರಾರು. ಬರದಿದ್ದರೆ ಇನ್ನು ಬರೋದೇ ಬೇಡ.

ಆ ರಾತ್ರಿ ಅವನು ನಿದ್ದೆ ಮಾಡಲಿಲ್ಲ. ಬೆಳಗಾಗುವಷ್ಟರಲ್ಲಿ ಲೆಕ್ಕ ಹಾಕಿಯಾಗಿತ್ತು. ಪರಶುರಾಂಪುರದ ಬೊಮ್ಮಲಿಂಗಪ್ಪನ ಮಗಳ ಮದುವೆ ಸೀರೆ ಮಗ್ಗದಲ್ಲಿ ಮುಗಿದಿರುತ್ತೆ. ಶನಿವಾರ ಎತ್ತಿಕೊಳ್ಳೋದು, ಭಾನುವಾರ ಮದುವೆ ಮನೆಗೆ ಮುಟ್ಟಿಸಿ ಬೆಂಗಳೂರಿನ ಬಸ್ಸು ಹತ್ತೋದು.

ಮೊಳಕಾಲ್ಮೂರಿಗೆ ಹೋದರೆ ಮೂಡಲಗಿರಿಯಪ್ಪ ಮನೆಯಲ್ಲಿಲ್ಲ. ನೆಂಟರ ಸಾವಿಗೆ ರಾಯದುರ್ಗಕ್ಕೆ ಹೋಗಿದ್ದ, ಸಂಜೆಗೆ ಬರುವನು. ಮಗ್ಗದ ಮೇಲಿದ್ದ ನೂಲಿನ ಕೊನೆಯ ಸೀರೆ ಅದು; ನೇಯ್ದು ಮುಗಿದಿತ್ತು, ಕತ್ತರಿಸಿ ಇಳಿಸುವುದಷ್ಟೇ ಬಾಕಿ. ಅವನ ಹೆಂಡತಿ ಸರ್ವಮಂಗಳ, ಕೂತ್ಕೋರಪ್ಪ, ನೀರು ಹಿಡಿದು ಬರ್ತೀನಿ ಅಂತ ಕೊಡ ಎತ್ತಿಕೊಂಡು ಹೋದಳು. ಜಿಲಾನ ಕೂತ. ಎದ್ದ. ಬಾಗಿಲಿಗೆ ಹೋಗಿ ಬಂದ. ಗಡಿಯಾರ ನೋಡಿದ. ಮಗ್ಗದ ಪಕ್ಕದ ಗೂಡಿನಲ್ಲಿ ಕತ್ತರಿ ಇತ್ತು. ಕತ್ತರಿಸೋದರಲ್ಲಿ ಏನೈತೆ ಅಂದುಕೊಂಡ.

ನೇಕಾರರ ಮನೆಯಲ್ಲಿ ಹಾಲು ಬಿಡದ ಮಗುವಿಗೂ ಗೊತ್ತಿರುವ ಸಂಗತಿ ಇದು. ಕೊನೆಯ ಸೀರೆ ಇಳಿಸುವಾಗ ಹಾಸಿನ, ಅಂದರೆ ಮಗ್ಗದ ಉದ್ದಕ್ಕೂ ಬಿಗಿದ, ಎಳೆಗಳನ್ನು ಮೊದಲು ಗೊಂಚಲು ಗೊಂಚಲಾಗಿ ಗಂಟು ಹಾಕಬೇಕು, ಆಮೇಲೆ ಕತ್ತರಿ. ಬಾಚಣಿಗೆಯಂಥ ಹಣಿಗೆಯಲ್ಲಿ ಉಳಿದ ಆ ಮೊಳದುದ್ದದ ತುದಿಗೇ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹೊಸೆದು ಸೇರಿಸುವುದು. ಮಗ್ಗ ಅದಕ್ಕೇ ಯಾವತ್ತೂ ಬರಿದಾಗುವುದಿಲ್ಲ. ಹಳೇ ಸೀರೆಯ ಬಾಲ ಹಿಡಿದು ಹೊಸ ಸೀರೆ ಬರುತ್ತೆ. ಜಿಲಾನ ಎರಡು ವರ್ಷ ಸೀರೆ ಎತ್ತಿದ್ದ, ಇಳಿಸುವ ಹೊತ್ತು ಒಂದು ದಿನವೂ ನಿಂತು ನೋಡಿರಲಿಲ್ಲ.

ಕತ್ತರಿಸಿದ. ಬಿಗಿದಿದ್ದ ಎಳೆಗಳು ಒಮ್ಮೆಲೇ ಹಿಂದಕ್ಕೆ ಸೆಟೆದವು. ನಾಲ್ಕು ಸಾವಿರ ಚಿಲ್ಲರೆ ಎಳೆ ಹಣಿಗೆಯಿಂದ ಸರಸರ ಜಾರಿ, ಬಿಲ ಸೇರುವ ಹಾವಿನ ಮರಿಗಳ ಹಾಗೆ ಆಚೆ ಬಿದ್ದವು. ಬಾಗಿಲಲ್ಲಿ ಸರ್ವಮಂಗಳ ಕೊಡ ಹಿಡಿದು ನಿಂತಿದ್ದಳು. ಅವಳು ಕೊಡ ಇಳಿಸುವುದನ್ನೇ ಮರೆತಳು.

ಸಂಜೆ ಮೂಡಲಗಿರಿಯಪ್ಪ ಬಂದ, ಸ್ನಾನ ಮಾಡಿದ, ಬರಿದಾದ ಹಣಿಗೆಯ ಮೇಲೆ ಬೆರಳಾಡಿಸಿದ. ಈಗ ಹೊಸ ಹಾಸಿನ ಅಷ್ಟೂ ಎಳೆಯನ್ನು ಮೊದಲಿನಿಂದ ಹಣಿಗೆಗೆ ಪೋಣಿಸಬೇಕು. ಆಚೆ ಒಬ್ಬ ಎಳೆ ಎತ್ತಿ ಕೊಡಬೇಕು, ಈಚೆ ಒಬ್ಬ ಕೊಕ್ಕೆಯಲ್ಲಿ ಎಳೆದುಕೊಳ್ಳಬೇಕು. ಸರ್ವಮಂಗಳಳ ಕಣ್ಣಿಗೆ ಪೊರೆ. ಮದುವೆ ಕಾಲವಾದ್ದರಿಂದ ಬೀದಿಯಲ್ಲಿ ಬಿಡುವಿರುವ ಇನ್ನೊಂದು ಜೊತೆ ಕೈ ಇರಲಿಲ್ಲ. ಜಿಲಾನ ತಲೆ ತಗ್ಗಿಸಿಕೊಂಡು ಸೋಮವಾರದ ವಿಷಯ ಹೇಳಿದ.

"ಹೋಗು ಬಾಷಾ," ಅಂದ ಮುದುಕ. "ನಿನ್ನ ಆಟ ಕಾಯಲ್ಲ. ಬಿಟ್ಟು ಹೋಗೋದು ತಪ್ಪಲ್ಲಪ್ಪ, ಎಲ್ಲಾರೂ ಬಿಟ್ಟೇ ಹೋಗ್ತಾರೆ. ಗಂಟು ಹಾಕಿ ಹೋಗಬೇಕು, ಅಷ್ಟೇ."

ಜಿಲಾನ ಸೀರೆ ಹಿಡಿದು ಬಸ್ ನಿಲ್ದಾಣಕ್ಕೆ ಹೋದ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೊಣಕಾಲು ತಾನಾಗಿ ಕುಣಿಯುತ್ತಿತ್ತು. ಮುದುಕ ತಲೆ ಎತ್ತಿ ನೋಡಿದಾಗ ತಾನು ಎಲ್ಲಿರುತ್ತೇನೆ ಅನ್ನುವುದೊಂದು ಅವನ ತಲೆಯಿಂದ ಇಳಿಯಲಿಲ್ಲ. ಡ್ರೈವರು ಗಾಡಿ ಚಾಲೂ ಮಾಡಿದ ಮೇಲೆ ಎದ್ದು, ಚಳ್ಳಕೆರೆಯ ಪರಿಚಯದ ಕಂಡಕ್ಟರ ಕೈಗೆ ಸೀರೆ ಕೊಟ್ಟು, ಇದನ್ನು ಫರ್ಜಾನಾಗೆ ಮುಟ್ಟಿಸು, ನಾಳೆ ಪರಶುರಾಂಪುರಕ್ಕೆ ಅವಳೇ ಹೋಗಿ ಕೊಟ್ಟು ಬರಲಿ ಅಂತ ಹೇಳಿ ಇಳಿದುಬಿಟ್ಟ.

ಹಣಿಗೆಗೆ ಎಳೆ ಪೋಣಿಸಲು ಇಬ್ಬರಿಗೂ ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಒಂದೇ ಕಡೆ ಕೂತದ್ದು ಅವನ ಜನ್ಮದಲ್ಲಿ ಅದೇ ಮೊದಲು. ಎಳೆ ಎತ್ತಿ ಕೊಡೋದು, ಎತ್ತಿ ಕೊಡೋದು. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅವನು ಗಡಿಯಾರ ನೋಡಿ ಎಳೆ ತಪ್ಪಿಸಿದ. ಮೂಡಲಗಿರಿಯಪ್ಪ ಕೊಕ್ಕೆ ಇಟ್ಟು ಕಾದ. ಆಮೇಲೆ, ಬಾ, ಮುಂದಿಂದು ಕೊಡು ಅಂದ. ಸಂಕಟವೇನೂ ಕಡಿಮೆಯಾಗಲಿಲ್ಲ. ಆರನೇ ದಿನವೂ ಜಿಲಾನ ಊಟಕ್ಕೆ ಎದ್ದು ಬೀದಿ ಕೊನೆತನಕ ನಡೆದು, ಅಲ್ಲೊಂದು ಕಲ್ಲನ್ನು ಎಡಗಾಲಲ್ಲಿ ಒದ್ದು ಬಂದ. ಹಾಸು ಪೋಣಿಸಿ ಮುಗಿದ ದಿನ ಮುದುಕ ಮೊದಲ ಲಾಳಿ ಎಸೆಯಲು ಅವನಿಗೇ ಕೊಟ್ಟ. ಎಸೆದದ್ದು ಸೊಟ್ಟ ಹೋಯಿತು. ಕಾಲಿನೋನಿಗೆ ಕೈ ಯಾಕೆ ಬರುತ್ತೆ ಅಂತ ಸರ್ವಮಂಗಳ ಸೆರಗಿನಲ್ಲಿ ನಕ್ಕಳು.

ಕಾರ್ಖಾನೆಯಿಂದ ಮತ್ತೆ ಫೋನು ಬರಲಿಲ್ಲ. ಎರಡು ವರ್ಷ ಅವನು ಸೀರೆ ಹೊತ್ತುಕೊಂಡೇ ಓಡಾಡಿದ. ಜಿಲಾನ ಕೊನೆಗೂ ನಿಂತ ಅಂತ ಓಣಿಯವರು ಅಂದುಕೊಂಡರು. ಫರ್ಜಾನಾ ಹಾಗೆ ಅಂದುಕೊಳ್ಳಲಿಲ್ಲ. ಬೂಟಿಗೆ ಅವನು ಪ್ರತಿ ಶುಕ್ರವಾರ ಎಣ್ಣೆ ಸವರುವುದನ್ನು ಅವಳು ನೋಡುತ್ತಿದ್ದಳು.

ಎರಡು ಸಾವಿರದ ಮೂರರಲ್ಲಿ ರಾಯದುರ್ಗದ ಒಂದು ಹಾಸ್ಟೆಲ್ ಶಾಲೆಯವರು ಹುಡುಗರಿಗೆ ಫುಟ್ಬಾಲ್ ಕಲಿಸಲು ಕರೆದರು, ಇರಲು ಮನೆಯನ್ನೂ ಕೊಟ್ಟರು. ಹಳೇ ಜಿಲಾನನಾಗಿದ್ದರೆ ಅವತ್ತೇ ಹೊರಡುತ್ತಿದ್ದ. ಈ ಸಲ ಮೂರು ತಿಂಗಳ ಟೈಮು ಕೇಳಿದ. ಪರಶುರಾಂಪುರದ ಮಹಾಂತೇಶ ಅನ್ನುವವನನ್ನು ಹುಡುಕಿ, ಜೊತೆಗೆ ಕರೆದುಕೊಂಡು ಹೋಗಿ ಮೂಡಲಗಿರಿಯಪ್ಪನ ಮುಂದೆ ಕೂರಿಸಿದ. ಯಾವ ಮನೆಗೆ ಯಾವ ಬಣ್ಣದ ಅಂಚು ಅನ್ನುವುದನ್ನೆಲ್ಲ ಹೇಳಿಕೊಟ್ಟ. ಒಂದು ಸೀರೆ ಇಳಿಸುವ ತನಕ ನಿಲ್ಲಿಸಿಕೊಂಡು, ನೋಡ್ಕೋ ಲೇ, ಗಂಟು ಮೊದಲು, ಕತ್ತರಿ ಆಮೇಲೆ ಅಂತ ತೋರಿಸಿದ. ಮುದುಕ ಎಲೆ ಅಡಿಕೆಯ ತಟ್ಟೆ ಜಿಲಾನನ ಕಡೆ ತಳ್ಳಿದ.

ಹೊರಡುವ ದಿನ ಪಾತ್ರೆ, ಟ್ರಂಕು, ಸೋಡಾ ಬಾಟಲಿಯ ಎರಡು ಕ್ರೇಟು ಟೆಂಪೋ ಸೇರಿದವು. ಕ್ರೇಟು ಯಾಕೆ ಅಂತ ಕುಲ್ಸುಮ್ ಬೀ ಕೇಳಿದ್ದಕ್ಕೆ, ಹುಡುಗರಿಗೆ ಬಾಯಾರಿಕೆ ಆಗಲ್ವಾ ಅಮ್ಮಿ ಅಂದ. ಫರ್ಜಾನಾ ಆಕಾಶ ನೋಡಿದಳು. ಅತ್ತೆ ಸೊಸೆ ಟೆಂಪೋದಲ್ಲಿ ಮುಂದೆ ಹೋಗಿ ಮೂಲೆಯಲ್ಲಿ ಕಾದರು. ಜಿಲಾನ ಬೀಗ ಹಾಕಿ, ಬೀಗದ ಕೈಯನ್ನು ಮನೆಯೊಡತಿಗೆ ಕೊಡಲು ರಾಧಮ್ಮನ ಕೈಗಿಟ್ಟ.

ಜಗಲಿಯಲ್ಲಿ ಎಂಟು ಜನ ಕೂತಿದ್ದರು. ಯಾರೂ ಏಳಲಿಲ್ಲ. ಕ್ಯಾತಪ್ಪ, ಎಷ್ಟನೇ ಸಲಕ್ಕೆ ಹೋಗ್ತೀಯೋ ಅಂತ ಕೇಳಿಯೂ ಬಿಟ್ಟ. ಜಿಲಾನ ಕೈ ಬೀಸಿ ಹೊರಟ.

ಮೂಲೆಯ ಬಳಿ ಬಂದವನಿಗೆ ಕುತ್ತಿಗೆ ಬರಿದು ಅನ್ನಿಸಿತು. ಹುಡುಗರಿಗೆ ಊದಲು ಕೊಂಡ ಹೊಸ ಸೀಟಿ, ಕೆಂಪು ದಾರದ್ದು, ಒಳಕಿಟಕಿಯ ಕಟ್ಟೆಯ ಮೇಲೇ ಉಳಿದಿತ್ತು. ಕಾಲು ಅರ್ಧ ತಿರುಗಿತು. ಹಿಂದೆ ಜಗಲಿಯಲ್ಲಿ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು.

"ಕ್ಯಾ ಹುವಾ ಬೇಟಾ?" ಅಂದಳು ಟೆಂಪೋದಿಂದ ಕುಲ್ಸುಮ್ ಬೀ.

"ಏನಿಲ್ಲಮ್ಮಿ," ಅಂದು ಜಿಲಾನ ಟೆಂಪೋ ಹತ್ತಿದ. ಸೀಟಿ ರಾಯದುರ್ಗದಲ್ಲೂ ಸಿಗುತ್ತೆ.