ಶುಗರ್‌ಲೋಫ್ ಗುಡ್ಡದ ಮೇಲೆ ಇಟ್ಟ ಹೆಸರು

ಅಳದೇ ಹುಟ್ಟಿದ ಮಗುವಿಗೆ ಏನು ಹೆಸರು ಬರೆದುಕೊಳ್ಳಲಿ ಎಂದು ನರ್ಸ್ ಕೇಳಿದಳು. ನಮ್ಮ ಬಾಗಲಕೋಟೆ ಕಡೆ ಇಂಥ ಕೂಸನ್ನು ತಾಯಿಗೆ ತೋರಿಸುವುದೂ ಕಡಿಮೆ. ಗಂಡಸರು ಬಟ್ಟೆಯಲ್ಲಿ ಸುತ್ತಿ ಒಯ್ದು ಮಣ್ಣು ಮಾಡಿ ಬರುತ್ತಾರೆ; ಮತ್ತೆ ಆ ಮಾತು ಯಾರೂ ಎತ್ತುವುದಿಲ್ಲ. ಇಲ್ಲಿ ನರ್ಸ್ ಮಗಳಿಗೆ ಸ್ನಾನ ಮಾಡಿಸಿ, ಉಣ್ಣೆಯ ಟೊಪ್ಪಿಗೆ ಹಾಕಿ ನನ್ನ ತೋಳಿಗೆ ಕೊಟ್ಟಳು. ಹೆಸರು ಮಾತ್ರ ನನಗೆ ಹೊಳೆಯಲಿಲ್ಲ. ಫ್ರೆಡರಿಕ್ ಊರಿನ ಸ್ಮಶಾನದಲ್ಲಿ ಹೆಸರಿಲ್ಲದೆಯೇ ಮಣ್ಣು ಕೊಟ್ಟೆವು.

ಅಮೆರಿಕದ ಮೇರಿಲ್ಯಾಂಡಿಗೆ ಬಂದು ಎಂಟು ತಿಂಗಳಾಗಿತ್ತು. ಕೊರೊನಾ ಮುಗಿದಿರಲಿಲ್ಲ, ಅವ್ವ ಬರುವಂತಿರಲಿಲ್ಲ. ಬಾಣಂತನಕ್ಕೆಂದು ಅವಳು ಕಳಿಸಿದ್ದ ಅಂಟಿನುಂಡೆ ಮಗಳನ್ನು ಕಳೆದುಕೊಂಡ ವಾರ ತಲುಪಿತು. ಡಬ್ಬಿ ತೆರೆಯಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಮುಂಜಾನೆ ನನ್ನ ಗಂಡ ಮಹಾಂತೇಶ, "ಏಳು, ಹೊರಗ ಹೋಗಿ ಬರೂಣು. ಎಷ್ಟ್ ದಿನ ಹಿಂಗ ಗ್ವಾಡಿ ನೋಡ್ಕೋತ ಕೂಡ್ತಿ?" ಎಂದು ಕಾರು ಹತ್ತಿಸಿದ. ಹೊಲಗಳ ನಡುವೆ ಒಂಟಿಯಾಗಿ ನಿಂತ ಸಣ್ಣ ಗುಡ್ಡ, ಶುಗರ್‌ಲೋಫ್. ಕಲ್ಲಿನ ಮೆಟ್ಟಿಲು ಹತ್ತುವಾಗ ಹೆರಿಗೆಯ ಹೊಲಿಗೆ ಎಳೆಯುತ್ತಿತ್ತು. ಮೇಲಿನ ಬಂಡೆಯಿಂದ ಹಸಿರು ಗೋಧಿ, ಕೆಂಪು ಕೊಟ್ಟಿಗೆ, ಆಚೆ ಪೊಟೊಮ್ಯಾಕ್ ನದಿ ಕಂಡವು. ಬಾದಾಮಿಯ ಬಂಡೆ ಹತ್ತಿದರೂ ಇಂಥದೇ ಬಯಲು. ಅಲ್ಲಿ ಜೋಳ, ಅಷ್ಟೆ.

ಪಕ್ಕದಲ್ಲಿ ಕೂತಿದ್ದ ಮುದುಕಿ ಹಿಂದೆ ಭೂಗೋಳ ಕಲಿಸುತ್ತಿದ್ದವಳಂತೆ. "ಇದು ಹಿಮನದಿ ಕೊರೆದ ಗುಡ್ಡವೇ?" ಎಂದು ಮಹಾಂತೇಶ ಇಂಗ್ಲಿಷಿನಲ್ಲಿ ಕೇಳಿದ.

"ಇಲ್ಲ, ಹಿಮ ಇಷ್ಟು ದಕ್ಷಿಣಕ್ಕೆ ಬರಲೇ ಇಲ್ಲ. ಸುತ್ತಲಿನ ಮೆತ್ತನೆಯ ಕಲ್ಲು ಸವೆದು ಹೋಯಿತು, ಗಟ್ಟಿಯದು ಉಳಿಯಿತು," ಎಂದಳು. ಹೆಸರಿನ ಕಥೆಯನ್ನೂ ಹೇಳಿದಳು. ಹಿಂದೆ ಸಕ್ಕರೆಯನ್ನು ಚೂಪು ತುದಿಯ ಅಚ್ಚುಗಳಲ್ಲಿ ಗಟ್ಟಿ ಮಾಡಿ ಮಾರುತ್ತಿದ್ದರು; ಆ ಗಟ್ಟಿಗೇ ಶುಗರ್‌ಲೋಫ್ ಎನ್ನುತ್ತಿದ್ದರು. ಸಮುದ್ರ ದಾಟಿ ಬಂದವರ ಕಣ್ಣಿಗೆ ಗುಡ್ಡ ಹಾಗೆ ಕಂಡಿತಂತೆ.

"ಅದಕ್ಕೂ ಮೊದಲು?" ಎಂದೆ.

"ಇಲ್ಲಿದ್ದ ಮೂಲನಿವಾಸಿಗಳು ಏನೋ ಕರೆಯುತ್ತಿದ್ದರು. ನನಗೆ ಗೊತ್ತಿಲ್ಲ. ಅವರನ್ನು ಇಲ್ಲಿಂದ ಓಡಿಸಿದರಲ್ಲ."

ಅವಳು ಎದ್ದು ಹೋದಳು. ನಾನು ಮಹಾಂತೇಶನಿಗೆ, "ಸಕ್ರವ್ವ ಅಂತ ಇಡೂಣೇನು?" ಎಂದೆ. ನಮ್ಮ ಕಡೆಯ ಅಜ್ಜಿಯರ ಕಾಲದ ಹೆಸರು. ಮಗಳು ಬದುಕಿದ್ದರೆ ನಾವು ಇಡುತ್ತಲೇ ಇರಲಿಲ್ಲ. "ಸಕ್ರವ್ವ," ಎಂದ ಮಹಾಂತೇಶ. ಆಸ್ಪತ್ರೆಯಲ್ಲಿ ಅಳದಿದ್ದವನು ಅಲ್ಲಿ ಮೊಣಕಾಲಿಗೆ ಮುಖ ಒತ್ತಿ ಅತ್ತ. ಮರುವಾರವೇ ಸಮಾಧಿಯ ಕಲ್ಲಿನ ಮೇಲೆ ಕೆತ್ತಲು ಕೊಟ್ಟೆವು.

ಈಗಲೂ ಅವ್ವ ಫೋನಿನಲ್ಲಿ, "ಸಾಕಿನ್ನ, ಊರಿಗೆ ಬಂದುಬಿಡ್ರಿ," ಎನ್ನುತ್ತಾಳೆ. ಹೋಗಲು ಜೀವ ಎಳೆಯುತ್ತದೆ. ಮೊನ್ನೆ ಹಾಗೆಂದಾಗ ಬಾಯಿಗೆ ಬಂದದ್ದು ಬೇರೆ ಮಾತು.

"ನಾವು ಬಂದ್ರ ಆಕಿ ಇಲ್ಲಿ ಒಬ್ಬಾಕೀನ ಆಗ್ತಾಳ ಬೇ ಯವ್ವಾ."

"ಯಾರವಾ?"

ಹೆಸರಿಟ್ಟು ಎರಡು ವರ್ಷದ ಮೇಲೆ, ಅವತ್ತು ಅವ್ವನಿಗೆ ಮೊಮ್ಮಗಳ ಹೆಸರು ಹೇಳಿದೆ.